ಭೋಗ್ಯದ ಮನೆ

ಸಂಸ್ಕೃತದ ‘ಆಧಿ’ ಎಂಬ ಶಬ್ದಕ್ಕೆ ಒತ್ತೆ ಎಂದೂ ಅರ್ಥವುಂಟು, ಮನೋವ್ಯಥೆ ಎಂದೂ ಅರ್ಥವುಂಟು. ‘ಆಧಿವ್ಯಾಧಿ’ ಎಂಬ ಜೋಡುನುಡಿಯಿಂದ ಎರಡನೆಯ ಅರ್ಥವನ್ನು ನಮ್ಮ ವಿದ್ಯಾರ್ಥಿಗಳೂ ಬಲ್ಲರು. ಇವೆರಡರ ಧಾತುಗಳು ಬೇರೆ ಬೇರೆಯೆಂದು ಕೆಲವರು ಹೇಳುವರು. ಇದ್ದೊಂದು ಮನೆಯನ್ನು ಒತ್ತೆಯಿಟ್ಟವರಿಗೆ ಮಾತ್ರ ಆ ಭೇದವು ಅಷ್ಟಾಗಿ ತೋರದು.

ಒತ್ತೆಯಲ್ಲಿ ಗೋಪ್ಯ, ಭೋಗ್ಯ ಎಂಬ ಎರಡು ಬಗೆಗಳನ್ನು ಯಾಜ್ಞವಲ್ಕ್ಯ ಸ್ಮೃತಿಯು ಹೇಳುತ್ತದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮವನೇ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದವನು. ಗೋಪ್ಯವೆಂದರೆ ಸಾಲ ಕೊಟ್ಟವನು ಕಾದಿಡತಕ್ಕದ್ದು, ಭೋಗ್ಯವೆಂದರೆ ಅನುಭವಿಸತಕ್ಕದ್ದು. ಹಣ ಕೊಟ್ಟವನು ಮನೆಯಲ್ಲಿ ವಾಸವಾಗಿರುವನು. ಅವನು ಬಾಡಿಗೆ ಕೊಡುವುದಿಲ್ಲ, ಮನೆಯವನು ಬಡ್ಡಿ ಕೊಡುವುದಿಲ್ಲ. ಅಸಲು ಹಿಂದಿರುಗಿದ ದಿನ ಮನೆ ಹಿಂದಿರುಗುವುದು. 1882ರ ಸ್ವತ್ತು ವರ್ಗಾವಣೆಯ ಕಾಯಿದೆಯೂ ಈ ಪದ್ಧತಿಯನ್ನು ಒಪ್ಪಿಕೊಂಡಿದೆ. ಹಿಂದೂಪುರದಲ್ಲಿ ಇದನ್ನು ತೆಲುಗರೂ ನಾವೂ ಒಂದೇ ಹೆಸರಿನಿಂದ ಕರೆಯುತ್ತೇವೆ.

ನಮ್ಮ ತಂದೆಯವರು 1998ರಲ್ಲಿ, ನಮ್ಮ ತಂಗಿಯ ಮದುವೆಗಾಗಿ, ಇದ್ದ ಮನೆಯನ್ನು 60,000 ರೂಪಾಯಿಗೆ ಭೋಗ್ಯಕ್ಕೆ ಕೊಟ್ಟರು. ಕೊಂಡವರು ಮಕ್ಕಳಿಲ್ಲದ ಒಬ್ಬ ವಿಧವೆ. ನಾವು ಬಾಡಿಗೆಯ ಮನೆಗೆ ಹೋದೆವು. ಮೂರು ವರ್ಷದ ಕರಾರು ಇಪ್ಪತ್ತೊಂದು ವರ್ಷ ನಡೆಯಿತು. ತಂದೆಯವರು ತೀರಿಕೊಂಡರು, ಉಪಾಧ್ಯಾಯರ ಸಂಬಳದಲ್ಲಿ ಅಸಲು ಕೂಡಿಬರಲಿಲ್ಲ, ಕೂಡಿಬಂದಾಗಲೆಲ್ಲ ಮನೆಯಲ್ಲಿ ಒಂದಲ್ಲ ಒಂದು ಖರ್ಚು ಕಾದಿರುತ್ತಿತ್ತು. 2019ರಲ್ಲಿ ನಾವಿದ್ದ ಬಾಡಿಗೆಯ ಮನೆ ಮಾರಾಟವಾಯಿತು. ಆಗ ಬ್ಯಾಂಕಿನಲ್ಲಿ ಸಾಲ ಮಾಡಿ ಸ್ವಂತ ಮನೆಯನ್ನು ಬಿಡಿಸಿಕೊಂಡು, ಸೋರುತ್ತಿದ್ದ ಮಾಳಿಗೆಯನ್ನು ಸರಿಪಡಿಸಬೇಕೆಂದು ನಿಶ್ಚಯಿಸಿದೆವು. ಎಂದರೆ ಒಂದು ಒತ್ತೆಯನ್ನು ಬಿಡಿಸಲು ಇನ್ನೊಂದು ಒತ್ತೆ.

ಇಲ್ಲಿ ಒಂದು ಧರ್ಮಪ್ರಶ್ನೆ ಎದ್ದಿತು. ಕಾಯಿದೆಯ ಪ್ರಕಾರ ನಾವು ತೆರಬೇಕಾದುದು ಅರವತ್ತು ಸಾವಿರ ಮಾತ್ರ. 1998ರಲ್ಲಿ ಆ ಹಣದಿಂದ ಆಕೆ ಊರಂಚಿನಲ್ಲಿ ಒಂದು ಸಣ್ಣ ನಿವೇಶನವನ್ನೇ ಕೊಳ್ಳಬಹುದಾಗಿತ್ತು. 2019ರಲ್ಲಿ ಅದು ಒಂದು ಬಾಡಿಗೆ ಮನೆಯ ಮುಂಗಡಕ್ಕೂ ಒಂದೆರಡು ವರ್ಷದ ಬಾಡಿಗೆಗೂ ಸಾಲುವ ಹಣ. ಬಡ್ಡಿಯು ಅಸಲನ್ನು ಮೀರಕೂಡದೆಂದು ವಿಧಿಸಿ ನಮ್ಮ ಧರ್ಮಶಾಸ್ತ್ರಕಾರರು ಸಾಲಗಾರನನ್ನು ಕಾಪಾಡಿದರು. ನಾಣ್ಯವೇ ಪೆಟ್ಟಿಗೆಯಲ್ಲಿ ಕರಗುವ ಕಾಲವನ್ನು ಅವರು ಎಣಿಸಿದ್ದಂತೆ ಕಾಣದು. ಆಕೆ ಇಪ್ಪತ್ತೊಂದು ವರ್ಷ ಬಾಡಿಗೆಯಿಲ್ಲದೆ ಇದ್ದರಲ್ಲ ಎಂದು ಯಾರಾದರೂ ಹೇಳಬಹುದು. ನಾವೂ ನಮಗೆ ಹಾಗೆಯೇ ಹೇಳಿಕೊಂಡೆವು. ಬಾಡಿಗೆಯ ಲೆಕ್ಕವನ್ನು ಎರಡು ಸಲ ಕಾಗದದ ಮೇಲೆ ಹಾಕಿದೆವು. ಲೆಕ್ಕ ಎರಡು ಸಲವೂ ನಮ್ಮ ಕಡೆಗೇ ವಾಲಿತು. ಲೆಕ್ಕ ಹಾಕಿದವರೂ ನಾವೇ ಎಂಬುದನ್ನು ವಾಚಕರು ಗಮನಿಸಬೇಕು.

ಅಳುಕುತ್ತಲೇ ಸ್ವಲ್ಪ ಹೆಚ್ಚಿಗೆ ಕೊಡುವ ಮಾತೆತ್ತಿದಾಗ ಆಕೆ, “ಕೊಟ್ಟಿದ್ದು ಅರವತ್ತು ಮೇಷ್ಟ್ರೇ, ತಗೊಳ್ಳೋದೂ ಅರವತ್ತೇ. ನಿಮ್ಮಪ್ಪನವರ ಹತ್ರ ಆಡಿದ ಮಾತು ಅದು” ಎಂದುಬಿಟ್ಟರು.

ಇನ್ನೊಂದು ತೊಡಕು ಇದಕ್ಕಿಂತ ಕಠಿನವಾದುದು. ಋಣಭಾರ ಪತ್ರದಲ್ಲಿ ಆಕೆಯ ಭೋಗ್ಯವು ಕಾಣುತ್ತಿರುವವರೆಗೆ ಬ್ಯಾಂಕು ಹಣ ಕೊಡದು. ಆಕೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ರದ್ದು ಪತ್ರಕ್ಕೆ ಸಹಿ ಮಾಡಿ, ತಮ್ಮಲ್ಲಿದ್ದ ಮೂಲ ಕ್ರಯಪತ್ರವನ್ನು ನಮಗೆ ಒಪ್ಪಿಸಬೇಕು. ನಾವು ಅದನ್ನು ಬ್ಯಾಂಕಿನಲ್ಲಿ ಇಟ್ಟ ಮೇಲೆಯೇ ಹಣ. ಹಣ ಕೈಸೇರದೆ ಪತ್ರ ಕೊಡಬೇಕಾದ ಬಾಧ್ಯತೆ ಆಕೆಗೆ ಲವಲೇಶವೂ ಇರಲಿಲ್ಲ. ಇಬ್ಬರಲ್ಲಿ ಒಬ್ಬರು ಮೊದಲು ನಂಬಬೇಕು. ಮನೆಯುಳ್ಳ ನಾವು ನಂಬುವಂಥದೇನೂ ಇರಲಿಲ್ಲ, ಮನೆಯಿಲ್ಲದ ಆಕೆಯೇ ನಂಬಬೇಕಾಯಿತು.

ರದ್ದು ಪತ್ರವು ತೆಲುಗಿನಲ್ಲಿತ್ತು. ಆಕೆಗೆ ತೆಲುಗು ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಪತ್ರ ಬರೆಯುವವನು ಗಡಗಡನೆ ಓದಿ ಮುಗಿಸಿದ ಮೇಲೆ ಆಕೆ ನಮ್ಮ ಕಡೆಗೆ ತಿರುಗಿ, “ನೀವೊಂದ್ಸಲ ಕನ್ನಡದಲ್ಲಿ ಹೇಳಿ” ಎಂದರು. ಹೇಳಿದೆವು. ಪತ್ರದಲ್ಲಿ ‘ಹಣ ಪೂರ್ತಿ ಸಂದಾಯವಾಗಿದೆ’ ಎಂದು ಬರೆದಿತ್ತು. ಅದನ್ನೂ ಹೇಳಿದೆವು, ಆ ಮಾತು ಇನ್ನೂ ನಿಜವಲ್ಲವೆಂಬುದನ್ನೂ ಹೇಳಿದೆವು. ಆಕೆ ಸಹಿ ಹಾಕಿದರು. ಆಕೆ ಸಹಿ ಹಾಕಿದ್ದು ಆ ಕಾಗದದ ತೆಲುಗಿಗಲ್ಲ, ನಮ್ಮ ಬಾಯಿಂದ ಬಂದ ಕನ್ನಡಕ್ಕೆ.

ಬ್ಯಾಂಕಿನವರು ಒಂದು ವಾರವೆಂದಿದ್ದರು. ಹಣ ಬರಲು ಐದು ವಾರ ಹಿಡಿಯಿತು. ಆ ಐದು ವಾರ ಆಕೆ ಕಾಯಿದೆಯ ಕಣ್ಣಿನಲ್ಲಿ ಆ ಮನೆಗೆ ಯಾರೂ ಅಲ್ಲ.

ಆ ದಿನಗಳಲ್ಲಿಯೇ ಆಕೆ ಮನೆ ಖಾಲಿ ಮಾಡಿದರು. ಅದನ್ನು ಕಂಡು ನಾವು ಕಲಿತದ್ದುಂಟು. ಒಂದು ಲೇಖನ ಪುಸ್ತಕದಲ್ಲಿ ಪ್ರತಿ ಗಂಟಿಗೂ ಒಂದು ಸಂಖ್ಯೆ, ಸಂಖ್ಯೆಯೆದುರು ಅದರೊಳಗಿನ ಸಾಮಾನು. ಹಳೆಯ ಸೀರೆಗಳಲ್ಲಿ ಕಟ್ಟಿದ ಗಂಟುಗಳ ಮೇಲೆ ಚೀಟಿ ಹೊಲಿದು ಅದೇ ಸಂಖ್ಯೆ. ಹಿತ್ತಾಳೆಯ ಪಾತ್ರೆಗಳೊಳಗೆ ಬೇಳೆ, ಹುಣಿಸೆಹಣ್ಣು; ಖಾಲಿ ಪಾತ್ರೆಯನ್ನು ಸಾಗಿಸುವುದು ದಂಡವೆಂದು ಆಕೆಯ ಮತ. ಹೊಸ ಮನೆಯಲ್ಲಿ ಮೊದಲು ಬೇಕಾದ ದೀಪ, ಬೆಂಕಿಪೊಟ್ಟಣ, ಹಾಲು ಉಕ್ಕಿಸುವ ಪಾತ್ರೆ, ಉಪ್ಪು, ಬೆಲ್ಲಗಳ ಗಂಟು ಎಲ್ಲಕ್ಕಿಂತ ಕೊನೆಗೆ ಆಟೋ ಏರಿತು, ಮೊದಲು ಇಳಿಯಲೆಂದು. ಪಡಿತರ ಚೀಟಿ, ಬ್ಯಾಂಕಿನ ಪುಸ್ತಕಗಳಿದ್ದ ಕೈಚೀಲವನ್ನು ಯಾವ ಗಾಡಿಗೂ ಹಾಕದೆ ತೊಡೆಯ ಮೇಲೆ ಇಟ್ಟುಕೊಂಡರು. ನಾವೋ, ಆ ಮನೆ ಸೇರಿ ವರ್ಷಗಳಾದರೂ ಎರಡು ಪುಸ್ತಕದ ಮೂಟೆಗಳನ್ನು ಬಿಚ್ಚಿಲ್ಲ. ಯಾವುದರಲ್ಲಿ ಏನಿದೆಯೋ ತಿಳಿಯದು.

ಹಣ ಬಂದ ದಿನವೇ ಕೊಂಡುಹೋಗಿ ಕೊಟ್ಟೆವು. ಅನಂತರ ಬೇರೆಯವರಿಂದ ತಿಳಿಯಿತು: ಹೊಸ ಮನೆಯ ಮುಂಗಡಕ್ಕಾಗಿ ಆಕೆ ಕೈಬಳೆಗಳನ್ನು ಗಿರವಿಯಿಟ್ಟಿದ್ದರು. ನಮ್ಮ ಒತ್ತೆಯನ್ನು ಬಿಡಿಸಿಕೊಡಲು ತಮ್ಮ ಒತ್ತೆ! ಬಡ್ಡಿಯನ್ನು ನಾವು ಕೊಡಲು ಹೋದಾಗ ಆಕೆ ಗಿರವಿ ಅಂಗಡಿಯ ರಶೀದಿಯನ್ನು ತೋರಿಸಿ, ಅದರಲ್ಲಿದ್ದಷ್ಟನ್ನೇ ಎಣಿಸಿ ತೆಗೆದುಕೊಂಡು, ಚಿಲ್ಲರೆಯನ್ನು ಹಿಂದಕ್ಕೆ ಕೊಟ್ಟರು.

ನಮ್ಮೂರಿಗೆ ಸಮೀಪದ ಲೇಪಾಕ್ಷಿಯ ಗುಡಿಯ ಬಗ್ಗೆ ಜನ ಒಂದು ಕತೆ ಹೇಳುತ್ತಾರೆ. ವಿಜಯನಗರದ ಅಚ್ಯುತರಾಯನ ಭಂಡಾರದ ಅಧಿಕಾರಿಯಾಗಿದ್ದ ವಿರೂಪಣ್ಣನು ಅರಸನ ಅಪ್ಪಣೆಯಿಲ್ಲದೆ ಭಂಡಾರದ ಹಣದಿಂದ ಗುಡಿಯನ್ನು ಕಟ್ಟಿಸಿ, ಶಿಕ್ಷೆ ಬರುವ ಮೊದಲೇ ತನ್ನ ಕಣ್ಣುಗಳನ್ನು ತಾನೇ ಕಿತ್ತುಕೊಂಡನಂತೆ. ಕಲ್ಯಾಣಮಂಟಪ ಇಂದಿಗೂ ಅರ್ಧಕ್ಕೇ ನಿಂತಿದೆ. ಕತೆ ನಿಜವಿರಲಿ ಇಲ್ಲದಿರಲಿ, ಪರರ ಹಣದಿಂದ ಆದ ಒಳ್ಳೆಯ ಕೆಲಸ ಯಾರದು ಎಂಬ ಪ್ರಶ್ನೆ ಅದರಲ್ಲಿದೆ. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಾಗಲೆಲ್ಲ ಈ ಕತೆಯನ್ನು ನಾವು ಹೇಳುತ್ತಿದ್ದೆವು. ಈಗೀಗ ಹೇಳುವಾಗ ನಾಲಗೆ ತಡವರಿಸುತ್ತದೆ.

ಕಾರಣವಿಷ್ಟೇ. ಒಂದು ಬರದ ಬೇಸಗೆಯಲ್ಲಿ ಆಕೆ ತಮ್ಮ ಹಣದಿಂದ ಆ ಮನೆಯ ಅಂಗಳದಲ್ಲಿ ಒಂದು ನೀರಿನ ಸಂಪು ಕಟ್ಟಿಸಿದ್ದರು. ಒತ್ತೆಯ ಅವಧಿಯಲ್ಲಿ ಆಸ್ತಿಗೆ ಆದ ಸುಧಾರಣೆಯು, ಬೇರೆ ಕರಾರಿಲ್ಲದಿದ್ದರೆ, ಬಿಡಿಸಿಕೊಂಡವನಿಗೇ ಸೇರುವುದೆಂದು ಕಾಯಿದೆ ಹೇಳುತ್ತದೆ. ಆಸ್ತಿ ಹಾಳಾಗದಂತೆ ತಡೆಯಲು ಅವಶ್ಯವಾಗಿತ್ತೆಂಬಂಥ ಕೆಲವು ಪ್ರಸಂಗಗಳ ಹೊರತು ಖರ್ಚನ್ನು ಕೇಳುವಂತಿಲ್ಲ. ಬ್ಯಾಂಕಿನ ಪರವಾಗಿ ಮನೆಗೆ ಬೆಲೆ ಕಟ್ಟಲು ಬಂದ ಇಂಜಿನಿಯರು ಸಂಪನ್ನು ಅಳೆದು ನಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು. ನಾವು ಪಕ್ಕದಲ್ಲಿಯೇ ನಿಂತಿದ್ದೆವು. ಆಕೆ ಬಾಗಿಲಲ್ಲಿ ನಿಂತು ಅವರಿಗೆ ಕುಡಿಯಲು ಅದೇ ನೀರನ್ನು ತಂದುಕೊಟ್ಟರು.

ಸಾಲದ ಕಂತು ಪ್ರತಿ ತಿಂಗಳೂ ಸಂಬಳದಿಂದ ಕಡಿತವಾಗುತ್ತಿದೆ. ಆಕೆ ಹಬ್ಬಕ್ಕೆ ಬಂದು ಹೋಗುತ್ತಾರೆ. ಬಂದಾಗ ಸಂಪಿನ ಮುಚ್ಚಳವನ್ನೆತ್ತಿ ನೀರೆಷ್ಟಿದೆಯೆಂದು ನೋಡುವುದುಂಟು. ಅದರ ಖರ್ಚಿನ ಮಾತನ್ನು ನಾವು ಇನ್ನೂ ಎತ್ತಿಲ್ಲ.