ಬೆಲೆ ಕಟ್ಟುವವನ ಓದು

ಬಾಗಲಕೋಟೆಯ ಹಳೆಯ ಊರಿನಲ್ಲಿ ನಡೆಯುವಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ: ಇನ್ನೊಬ್ಬರ ಮನೆಗೆ ಬೆಲೆ ಕಟ್ಟುವ ಅಧಿಕಾರ ಯಾವ ವಿದ್ಯೆಯಿಂದ ಬರುತ್ತದೆ?

ಕಾನೂನಿನ ಉತ್ತರವೇನೋ ಉಂಟು. 2017ರ ನಿಯಮಗಳಂತೆ ನೋಂದಾಯಿತ ಮೌಲ್ಯಮಾಪಕನಾಗಬೇಕಾದವನು ಪದವಿ, ಅನುಭವಗಳ ಜೊತೆಗೆ ತರಬೇತಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆಮೇಲೂ ಓದು ನಿಲ್ಲುವಂತಿಲ್ಲ. ಒಳ್ಳೆಯದೇ. ನಮ್ಮ ಅಧ್ಯಾಪಕರ ಪುನಶ್ಚೇತನ ಶಿಬಿರಗಳಲ್ಲಿ ಮಧ್ಯಾಹ್ನದ ಚಹಾದ ಮೇಲೆ ಎಷ್ಟು ಜನ ಉಳಿಯುತ್ತೇವೆಂಬುದನ್ನು ಮಾತ್ರ ಕೇಳಬೇಡಿ.

ಆದರೆ ಆ ವಿದ್ಯೆಯ ತಳಹದಿ ಒಂದು ಕಲ್ಪನೆ: ಮನಸ್ಸಿದ್ದು ಮಾರುವವನೂ ಮನಸ್ಸಿದ್ದು ಕೊಳ್ಳುವವನೂ ಒಪ್ಪುವ ದರವೇ ಬೆಲೆ. ಭೂಸ್ವಾಧೀನದಲ್ಲಿ ಬೆಲೆ ಗೊತ್ತುಮಾಡುವವನು ಸರಕಾರದ ಅಧಿಕಾರಿ. ಅಳತೆಗೋಲು ಮಾತ್ರ ಅದೇ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಹೋದವರಲ್ಲಿ ಮಾರುವ ಮನಸ್ಸು ಎಷ್ಟು ಜನರಿಗಿತ್ತು?

ಕಾಯಿದೆಗೂ ಈ ಅಳುಕು ಮೊದಲಿನಿಂದ ಇತ್ತು. ಸ್ವಾಧೀನ ಬಲವಂತದ್ದೆಂಬ ಕಾರಣಕ್ಕೇ 1894ರ ಕಾಯಿದೆ ಪೇಟೆ ಬೆಲೆಯ ಮೇಲೆ ನೂರಕ್ಕೆ 15ರಷ್ಟು ಸಾಂತ್ವನಧನ ಸೇರಿಸಿತು. 1984ರಲ್ಲಿ ಅದು 30 ಆಯಿತು. 2013ರ ಕಾಯಿದೆಯಲ್ಲಿ ನೂರಕ್ಕೆ ನೂರು. ಮನೆ ಬಿಡುವವರ ಸಂಕಟ ಅಷ್ಟು ಪಟ್ಟು ಬೆಳೆಯಿತೆ? ಅದು ಇದ್ದಷ್ಟೇ ಇತ್ತು. ಕಲಿತದ್ದು ಕಾಯಿದೆ, ಅದೂ ತಡವಾಗಿ. ಮೌಲ್ಯಮಾಪಕರ ಮುಂದುವರಿದ ಓದಿನ ಒಂದು ದಿನವನ್ನಾದರೂ ಇಲ್ಲಿ, ಈ ನೀರಿನಂಚಿನಲ್ಲಿ ನಡೆಸಬಾರದೇಕೆ?