ಬೆಳ್ಳಿಯ ಬಟ್ಟಲು, ಆತಕೂರಿನ ಕಲ್ಲು

ಕುದುರೆಗೆ ಬೆಳ್ಳಿಯಿಂದ ಉಪಯೋಗವಿಲ್ಲ. ಆದರೂ ರೇಸಿನಲ್ಲಿ ಓಡುವುದು ಅದು, ಬೆಳ್ಳಿಯ ಬಟ್ಟಲು ಸೇರುವುದು ಮಾಲೀಕನ ಮನೆಯನ್ನು. ಈ ಹಂಚಿಕೆ ನ್ಯಾಯವೇ?

1867ರ ಮೆಲ್ಬರ್ನ್ ಕಪ್‌ನ ಬೆಳ್ಳಿ ಟ್ರೋಫಿ ಇಂಗ್ಲೆಂಡಿನಲ್ಲಿ ತಯಾರಾಗಿ ಬಂತು. ಈಗ ಅದು ಕ್ಯಾನ್‌ಬೆರಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಇಂಥದ್ದನ್ನು ಇಲ್ಲಿಯೇ ಮಾಡಿಸಬೇಕಿತ್ತು ಎಂದು ವಿಕ್ಟೋರಿಯಾದ ಆಭರಣ ತಯಾರಕರು ಆಗ ತಕರಾರು ತೆಗೆದರು. ದುಡಿಯುವ ಕೈಗೆ ಮನ್ನಣೆ ಬೇಕೆಂಬ ಅವರ ಮಾತು ಸರಿಯೇ. ಕೈಗೆ ಸಲ್ಲುವುದು ಓಡಿದ ಕಾಲಿಗೂ ಸಲ್ಲಬೇಡವೇ?

ನಾನಿರುವ ಜಾನ್ಸನ್‌ವಿಲ್‌ನಿಂದ ರೈಲು ಹಿಡಿದರೆ ವೆಲಿಂಗ್ಟನ್ ದೂರವಲ್ಲ. ಅಲ್ಲಿನ ಟೆ ಪಾಪ ಸಂಗ್ರಹಾಲಯದ ಬಳಿ ಫಾರ್ ಲ್ಯಾಪ್‌ನ ಅಸ್ಥಿಪಂಜರವಿದೆ. ಈ ದೇಶದ ಟಿಮಾರು ಬಳಿ 1926ರಲ್ಲಿ ಹುಟ್ಟಿ, 1930ರಲ್ಲಿ ಮೆಲ್ಬರ್ನ್ ಕಪ್ ಗೆದ್ದು, 1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸತ್ತ ಕುದುರೆ ಅದು. ಚರ್ಮ ಮೆಲ್ಬರ್ನ್‌ನಲ್ಲಿದೆ, ಹೃದಯ ಕ್ಯಾನ್‌ಬೆರಾದಲ್ಲಿ, ಮೂಳೆ ಇಲ್ಲಿ. ಪ್ರೀತಿಯಿಂದಲೇ ಹಂಚಿಕೊಂಡರು, ನಿಜ. ಆದರೆ ಆ ಪ್ರೀತಿಯಲ್ಲೂ ಒಡೆತನದ ವಾಸನೆಯಿದೆ.

ಆಗ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ನೆನಪಾಗುತ್ತದೆ. ಹತ್ತನೆಯ ಶತಮಾನದ ಆ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಹೆಸರಿದೆ. ಮಣಲೆರ ಎಂಬ ವೀರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಆ ನಾಯಿಯನ್ನೇ ಕೇಳಿ ಪಡೆದ. ಹಂದಿಯೊಡನೆ ಕಾದಾಡಿ ಅದು ಸತ್ತಾಗ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟುಕೊಟ್ಟರು.

ಅದೆಲ್ಲ ನಾಯಿಗೆ ತಿಳಿಯುತ್ತದೆಯೇ ಎಂದು ಕೇಳಬಹುದು. ಇಲ್ಲ. ತಿಳಿದವರಿಗಷ್ಟೇ ಗೌರವವೆಂದರೆ, ತೀರಿಕೊಂಡ ಅಪ್ಪ ಅಮ್ಮನ ತಿಥಿಗೂ ಅರ್ಥವಿರದು. ಋಣವನ್ನು ಒಪ್ಪಿಕೊಳ್ಳುವುದು ಕೊಟ್ಟವರು ಕೇಳಿಸಿಕೊಳ್ಳಲೆಂದಲ್ಲ, ಪಡೆದವನು ಬೀಗದಿರಲೆಂದು.

ಕಲ್ಲು ನೆಟ್ಟ ಮಾತ್ರಕ್ಕೆ ನಾಯಿಯನ್ನು ಹಂದಿಯ ಮೇಲೆ ಬಿಟ್ಟದ್ದು ಸರಿಯಾಗುವುದಿಲ್ಲ. ಹೋರಾಟ ಕಾಳಿಯ ಆಯ್ಕೆಯಲ್ಲ, ಓಟ ಕುದುರೆಯ ಆಯ್ಕೆಯಲ್ಲ. ಆದರೆ ಕಲ್ಲು ಸಾವನ್ನು ಮುಚ್ಚಿಡದೆ ಹೇಳುತ್ತದೆ. ಬಟ್ಟಲು ಹೇಳುವುದು ಗೆಲುವನ್ನು ಮಾತ್ರ. ಬೆಲೆ ಬರೆದಿಟ್ಟ ಕಡೆ, ಆ ಬೆಲೆ ತೆರುವುದು ಸರಿಯೇ ಎಂದು ಮುಂದಿನವರಾದರೂ ಕೇಳಬಹುದು. ಬರೆಯದ ಕಡೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಹೊರನಾಡಿನಲ್ಲಿರುವ ನಮ್ಮ ಶೋಕೇಸುಗಳಲ್ಲೂ ಇಂಥ ಬಟ್ಟಲುಗಳಿವೆ: ಪದವಿ, ಬಡ್ತಿ, ಸ್ವಂತ ಮನೆ. ಒತ್ತೆಯಿಟ್ಟ ಬಳೆ, ಮಾರಿದ ಗದ್ದೆ, ಊರಲ್ಲಿ ಒಂಟಿಯಾಗಿ ಉಳಿದ ಅಮ್ಮ, ಇವು ಯಾವುದರ ಮೇಲೂ ಕೆತ್ತಿಲ್ಲ. ಬಟ್ಟಲನ್ನು ಎಸೆಯಬೇಕಿಲ್ಲ. ಮಕ್ಕಳಿಗೆ ಅದನ್ನು ತೋರಿಸುವಾಗ ಗೆಲುವಿನ ಜೊತೆ ಬೆಲೆಯನ್ನೂ ಹೇಳಿದರೆ ಸಾಕು.