ಇಪ್ಪತ್ತಕ್ಕೆ ಹದಿನೆಂಟು

ಸೆಮಿಸ್ಟರ್ ಮುಗಿಯಲು ವಾರವಿದೆ ಎನ್ನುವಾಗ ನಮ್ಮ ಪದವಿ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಔದಾರ್ಯ ಉಕ್ಕಿ ಹರಿಯುತ್ತದೆ. ಐಎ, ಅಂದರೆ ಆಂತರಿಕ ಮೌಲ್ಯಮಾಪನದ ಅಂಕ ತುಂಬುವ ಕಾಲವದು. ಟೆಸ್ಟಿಗೆ ಬಾರದವನಿಗೂ ಹದಿನೈದು, ಬಂದು ಏನೋ ಗೀಚಿದವಳಿಗೆ ಹದಿನೆಂಟು. ‘ಪಾಪ, ಹೋಗ್ಲಿ ಬಿಡಿ ಮೇಡಂ, ನಮ್ಮಿಂದ ಯಾಕೆ ಮಕ್ಕಳಿಗೆ ತೊಂದರೆ’ ಎನ್ನುತ್ತಲೇ ಪಟ್ಟಿ ಮುಗಿಯುತ್ತದೆ.

ಈ ಕರುಣೆಯ ಮೇಲೆ ನನಗೆ ನಂಬಿಕೆಯಿಲ್ಲ. ಇದರಲ್ಲಿ ಕೊಡುವವರ ಕೈಯಿಂದ ಏನೂ ಹೋಗುವುದಿಲ್ಲ. ಹೋಗುವುದು ವಿದ್ಯಾರ್ಥಿಯದು. ತನಗೇನು ಬಂದಿದೆ, ಏನು ಬಂದಿಲ್ಲ ಎಂದು ಅವನಿಗೆ ಹೇಳಬೇಕಾದವರು ಓದದೆಯೇ ಅಂಕ ಹಾಕಿ ಎದ್ದುಬಿಟ್ಟಿರುತ್ತಾರೆ.

ಬಂದಿದೆಯೋ ಇಲ್ಲವೋ ಎಂದು ನಿಜವಾಗಿ ಕೇಳಿ ನೋಡಿದ ಮೇಷ್ಟ್ರೊಬ್ಬರಿದ್ದಾರೆ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಎರಿಕ್ ಮಜೂರ್ ಅವರ ಪಾಠಕ್ಕೆ ಒಳ್ಳೆಯ ಹೆಸರಿತ್ತು. ವಿದ್ಯಾರ್ಥಿಗಳು ಕಷ್ಟದ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. 1990ರ ಸುಮಾರಿಗೆ ಅವರು ಅದೇ ತರಗತಿಗೆ ನ್ಯೂಟನ್ ನಿಯಮಗಳ ಮೇಲೆ ಸೂತ್ರವೇ ಬೇಡದ, ಆಡುಮಾತಿನ ಪ್ರಶ್ನೆಗಳನ್ನು ಕೊಟ್ಟರು. ಆಗ ವಿದ್ಯಾರ್ಥಿಯೊಬ್ಬರು ಕೇಳಿದರು: ಇದಕ್ಕೆ ನೀವು ಕಲಿಸಿದ ಹಾಗೆ ಉತ್ತರಿಸಬೇಕೋ, ನಾವು ಯೋಚಿಸುವ ಹಾಗೋ? ಮಜೂರ್ ಆ ಮಾತನ್ನು ನಕ್ಕು ತಳ್ಳಿಹಾಕಲಿಲ್ಲ, ಪಾಠದ ಕ್ರಮವನ್ನೇ ಬದಲಿಸಿದರು. ನಡುನಡುವೆ ಪ್ರಶ್ನೆ ಕೇಳುವುದು, ಪ್ರತಿಯೊಬ್ಬರೂ ಉತ್ತರ ಆರಿಸಿಕೊಳ್ಳುವುದು, ಪಕ್ಕದವರ ಜೊತೆ ವಾದಿಸಿ ಮತ್ತೆ ಉತ್ತರಿಸುವುದು.

ನಮ್ಮಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ; ಕ್ವೆಶ್ಚನ್ ಬ್ಯಾಂಕ್ ಅದನ್ನು ಹುಟ್ಟಗೊಡುವುದಿಲ್ಲ. ಬಿಕಾಂ ಹುಡುಗ ಸವಕಳಿಯ ಎಂಟ್ರಿಯನ್ನು ತಪ್ಪಿಲ್ಲದೆ ಬರೆಯುತ್ತಾನೆ. ಆ ವರ್ಷ ಸವಕಳಿಯ ದುಡ್ಡು ಯಾರ ಕೈಗೆ ಹೋಯಿತಪ್ಪ ಎಂದು ಕೇಳಿದರೆ ಕಣ್ಣು ಕಣ್ಣು ಬಿಡುತ್ತಾನೆ. ಇದನ್ನೇ ಕನ್ನಡದಲ್ಲಿ ಎರಡು ನಿಮಿಷ ಮಾತಾಡಿಸಿದರೆ, ಇಂಗ್ಲಿಷ್ ಬಾಯಿಪಾಠದ ಹಿಂದೆ ಅಡಗಿದ್ದ ಅಜ್ಞಾನವೂ ಹೊರಬರುತ್ತದೆ, ಎಷ್ಟೋ ಸಲ ಅಡಗಿದ್ದ ಜಾಣತನವೂ. ಬರೀ ನೆನಪನ್ನು ಮೀರಿ ಕೇಳುವ ಪ್ರಯತ್ನ ಇಲ್ಲವೆಂದಲ್ಲ. ಎಂಜಿನಿಯರಿಂಗ್ ಪ್ರಶ್ನೆಪತ್ರಿಕೆಗಳಲ್ಲಿ ಪ್ರತಿ ಪ್ರಶ್ನೆಯ ಪಕ್ಕ ಎಲ್1, ಎಲ್2 ಎಂದು ಅಚ್ಚು ಹಾಕುತ್ತಾರೆ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಮಾಡಿದ ವರ್ಗೀಕರಣದಿಂದ ಬಂದ ಮೆಟ್ಟಿಲುಗಳವು: ನೆನಪು, ಗ್ರಹಿಕೆ, ಅನ್ವಯ ಹೀಗೆ. ಆದರೆ ಉತ್ತರ ಮೊದಲೇ ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿದ್ದರೆ ಎಲ್ಲ ಮೆಟ್ಟಿಲೂ ನೆನಪಿನ ಮೆಟ್ಟಿಲೇ.

ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪದವಿಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 40 ಅಂಕವಿತ್ತು. 2024ರಲ್ಲಿ ರಾಜ್ಯ ಆ ನೀತಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದಾಗ ಆ ಅಂಕ 20 ಆಯಿತು. ಪಟ್ಟಿ ತುಂಬುವ ರೀತಿ ಮಾತ್ರ ಹಾಗೇ ಇದೆ.

ಎರಡು ಕಾಲೇಜುಗಳ ನಡುವೆ ಬಸ್ಸು ಹಿಡಿದು ಓಡುವ ಅತಿಥಿ ಉಪನ್ಯಾಸಕರಿಗೆ ಇದೆಲ್ಲ ಉಪದೇಶವಾಗಿ ಕೇಳಿಸಬಹುದು. ನೂರಾರು ಪುಸ್ತಕ ತಿದ್ದಲು ಅವರಿಗೆ ಹೊತ್ತೆಲ್ಲಿದೆ? ಹಾಗಿದ್ದರೆ ತರಗತಿಯ ಕೊನೆಯ ಐದು ನಿಮಿಷ ಸಾಕು. ಹೆಸರಿಲ್ಲದ ಚೀಟಿಯಲ್ಲಿ ಇವತ್ತು ಏನು ಅರ್ಥವಾಗಲಿಲ್ಲ ಎಂದು ಒಂದು ಸಾಲು ಬರೆಸಿಕೊಳ್ಳಿ. ಅದಕ್ಕೆ ಅಂಕ ಬೇಡ. ಮರುದಿನದ ಪಾಠ ಅಲ್ಲಿಂದ ಶುರುವಾದರಾಯಿತು.

ತಿದ್ದಿದ್ದನ್ನು ಮರಳಿ ತೋರಿಸುವುದಂತೂ ಉಪಕಾರವಲ್ಲ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವುದು ವಿದ್ಯಾರ್ಥಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಟೆಸ್ಟ್ ಪುಸ್ತಕವನ್ನು ಬೆಂಚಿನ ಮೇಲಿಟ್ಟು ‘ಇಲ್ಲಿ ಯಾಕೆ ಹೀಗೆ ಬರೆದೆ?’ ಎಂದು ಕೇಳಲು ಯಾವ ಅರ್ಜಿಯೂ ಬೇಕಿಲ್ಲ.